ಯವಾರಿಷ್ಟದ ಅನುಪಾನ

ಭರಣಿಯ ಬಾಯಿ ಬಿಚ್ಚಿ, ಉರಿಯುವ ಬೆಂಕಿಕಡ್ಡಿಯೊಂದನ್ನು ಒಳಗೆ ಇಳಿಸಬೇಕು. ಕಡ್ಡಿ ಪಕ್ಕನೆ ನಂದಿತೋ, ಒಳಗಿನ ಅರಿಷ್ಟ ಇನ್ನೂ ಹುದುಗುತ್ತಿದೆ ಎಂದು ಅರ್ಥ. ಮತ್ತೆ ಬಟ್ಟೆ ಕಟ್ಟಿ, ಮಣ್ಣು ಮೆತ್ತಿ ಸುಮ್ಮನಿರಬೇಕು. ಕಡ್ಡಿ ಉರಿಯುತ್ತಲೇ ಇದ್ದರೆ ಮದ್ದು ಆಯಿತು, ಸೋಸಬಹುದು. ಆಮೇಲೆ ಒಂದು ಹನಿಯನ್ನು ಅಂಗೈಗೆ ಬಿಟ್ಟುಕೊಂಡು, ನೆಕ್ಕಿ ನೋಡಿ ‘ಹ್ಞಾಂ’ ಎನ್ನುವುದು ನನ್ನ ಕೆಲಸ. ಉಡುಪಿಯ ಕಡಿಯಾಳಿಯ ಆಯುರ್ವೇದ ಔಷಧಾಲಯದಲ್ಲಿ ನಾನು ‘ಹ್ಞಾಂ’ ಎನ್ನದೆ ಒಂದು ಬಾಟಲಿಗೂ ಬಿರಡೆ ಬೀಳುತ್ತಿರಲಿಲ್ಲ. ಜಂಬ ಎಂದರೆ ಜಂಬ. ದ್ರಾಕ್ಷಾರಿಷ್ಟಕ್ಕೆ ಹಾಕಿದ ಬೆಲ್ಲ ಹಳತೋ ಹೊಸತೋ ಎಂದು ಆ ಒಂದು ಹನಿಯಲ್ಲೇ ಹೇಳುತ್ತಿದ್ದೆ.

ಆದರೆ ಹನಿಗಿಂತ ಹೆಚ್ಚು ಎಂದೂ ಕುಡಿದವನಲ್ಲ. ಹುದುಗಿದ್ದರಲ್ಲಿ ಮದ್ಯದ ಅಂಶ ಹುಟ್ಟುತ್ತದೆ ಎಂಬುದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಗೊತ್ತಿದ್ದೇ ಹನಿಗೆ ನಿಲ್ಲಿಸಿದ್ದು. ನೀರುಳ್ಳಿ ಕೂಡ ಒಳಗೆ ಬಾರದ ಮನೆಯವನು ನಾನು. ನಾಲಿಗೆ ಔಷಧಾಲಯದ್ದು, ಗಂಟಲು ನನ್ನದು ಎಂದು ಮನಸ್ಸಿನಲ್ಲೇ ಪಾಲು ಮಾಡಿಕೊಂಡಿದ್ದೆ.

ಪಾನನಿರೋಧ ಸಡಿಲವಾಗಿ, ಕಳ್ಳಿನ ಅಂಗಡಿಗಳು ಹಗಲಿನಲ್ಲೇ ಬಾಗಿಲು ತೆರೆಯಲು ಶುರುಮಾಡಿದ್ದ ಕಾಲ. ಬೇಸಗೆಯ ಒಂದು ಬೆಳಿಗ್ಗೆ ಕಾಪುವಿನಿಂದ ಬಸ್ಸಿನಲ್ಲಿ ಬಂದ ಒಬ್ಬರು ಸಿಸ್ಟರ್ ನಮ್ಮ ಜಗಲಿಯ ಬೆಂಚಿನಲ್ಲಿ ಕೂತರು. ಅಲ್ಲಿನ ಇಗರ್ಜಿಯ ದವಾಖಾನೆಯಲ್ಲಿ ನರ್ಸು ಅವರು. ಮನೆಮಾತು ಕೊಂಕಣಿ, ನಮ್ಮ ಹತ್ತಿರ ಕನ್ನಡ.

"ಪಂಡಿತರೇ, ಹಸಿವೆ ಆಗುವ ಮದ್ದು ಬೇಕಿತ್ತು" ಎಂದರು.

ಪಂಡಿತರು ಔಷಧಾಲಯದ ಯಜಮಾನರು. ಪ್ರಾಯ ಎಪ್ಪತ್ತರ ಆಚೆ. ಹಸಿವೆಯ ಮದ್ದಿಗೆ ಅವರ ಹೆಸರು ಪಡುಬಿದ್ರಿಯ ಆಚೆಗೂ ಹೋಗಿತ್ತು. ತಮಾಷೆ ಎಂದರೆ, ಹೆಂಡತಿ ತೀರಿಕೊಂಡ ಮೇಲೆ ಅವರದೇ ಊಟ ಒಂದು ಹಿಡಿಗೆ ಇಳಿದಿತ್ತು. ಅಂಗಡಿಯ ಹಿಂದಿನ ಮನೆಯಲ್ಲಿ ಒಬ್ಬರೇ ಎಲೆ ಹಾಕಿಕೊಂಡು ಕೂತು, ಅನ್ನವನ್ನು ಆಚೀಚೆ ದೂಡಿ ಎದ್ದುಬಿಡುತ್ತಿದ್ದರು. ಅವರು ಮಾಡಿದ ಚೂರ್ಣ ಅವರಿಗೇ ಹಿಡಿಯುತ್ತಿರಲಿಲ್ಲ.

"ಯಾರಿಗೆ ಮದ್ದು?"

"ನಮ್ಮ ಪಾದ್ರಿಗಳಿಗೆ. ಬೆಲ್ಜಿಯಂ ದೇಶದವರು. ಕಾರ್ಕಳದ ಕಡೆ ಹಳ್ಳಿಹಳ್ಳಿ ತಿರುಗಿ ಮುದುಕರಾದವರು. ಟೈಫಾಯ್ಡ್ ಆಗಿ ಮಣಿಪಾಲದ ಆಸ್ಪತ್ರೆಯಲ್ಲಿದ್ರು. ಜ್ವರ ಹೋಯ್ತು, ಹಸಿವೆ ವಾಪಸ್ ಬರ್ಲೇ ಇಲ್ಲ ಮಾರಾಯ್ರೇ. ಕಡಲಿನ ಗಾಳಿ ಒಳ್ಳೆಯದು ಅಂತ ಕಾಪುವಿಗೆ ತಂದಿದ್ದೇವೆ. ಎರಡು ಚಮಚ ಗಂಜಿ, ಸಾಕು ಅಂತಾರೆ. ಕಾರ್ಕಳದಿಂದ ಜನ ಬಾಳೆಗೊನೆ ಹೊತ್ತುಕೊಂಡು ನೋಡ್ಲಿಕ್ಕೆ ಬರ್ತಾರೆ, ಅವರಿಗೆ ಒಂದು ಹಣ್ಣು ಸುಲಿಯುವ ಮನಸ್ಸಿಲ್ಲ."

"ಡಾಕ್ಟರು ಎಂತ ಹೇಳ್ತಾರೆ?"

"ಹೊಟ್ಟೆಯಲ್ಲಿ ದೋಷ ಇಲ್ಲ ಅಂತಾರೆ. ಮಳೆ ಹಿಡಿಯುವ ಮೊದಲು ತಿನ್ಲಿಕ್ಕೆ ಶುರುಮಾಡದಿದ್ರೆ, ಇನ್ನೊಂದು ಸಣ್ಣ ಜ್ವರ ಸಾಕಂತೆ." ಇಷ್ಟು ಹೇಳಿ ಸಿಸ್ಟರ್ ಕೈಚೀಲದ ಹಿಡಿಯನ್ನು ತಿರುಚತೊಡಗಿದರು.

ಪಂಡಿತರು ಒಂದೊಂದೇ ಮದ್ದಿನ ಹೆಸರು ಹೇಳಿದರು. ಎಲ್ಲವೂ ಆಗಿತ್ತು. ಕೊನೆಗೆ ಸಿಸ್ಟರ್ ದನಿ ತಗ್ಗಿಸಿ ಹೇಳಿದರು: "ಜ್ವರದಲ್ಲಿ ಒಂದೇ ಮಾತು ಹೇಳ್ತಿದ್ರು. ಅವರ ಅಮ್ಮ ಕೊಯ್ಲಿನ ಹೊತ್ತಿಗೆ ಗದ್ದೆಗೆ ಕೊಂಡುಹೋಗ್ತಿದ್ದ ಬಿಯರು. ಮನೆಯಲ್ಲೇ ಮಾಡುವುದಂತೆ. ಜವೆಗೋಧಿ, ಕೊತ್ತಂಬರಿ, ಕಿತ್ತಳೆ ಸಿಪ್ಪೆ, ಮೆಣಸು ಎಲ್ಲ ಹಾಕಿ. ಅಂಗಡಿಯ ಬಿಯರು ತರಿಸಿದೆವು, ಮೂಸಿ ನೋಡಿ ಮುಖ ತಿರುಗಿಸಿದ್ರು. ಹುದುಗುವ ಮದ್ದು ಮಾಡುವವರು ನೀವು, ಆಗ್ತದಾ ಅಂತ ಕೇಳ್ಲಿಕ್ಕೆ ಬಂದೆ."

ಪಂಡಿತರು ನನ್ನ ಮುಖ ನೋಡಿದರು. "ಎಂತ ಭಟ್ರೇ?"

"ನಾನು ಕಂಡದ್ದಲ್ಲ, ಕುಡಿದದ್ದಲ್ಲ. ಇಲ್ಲದ ಉಸಾಬರಿ ನಮಗೆ ಯಾಕೆ?"

"ಜವೆಗೋಧಿ, ಕೊತ್ತಂಬರಿ, ಮೆಣಸು. ಇದರಲ್ಲಿ ಮದ್ದಲ್ಲದ್ದು ಯಾವುದುಂಟು ಹೇಳಿ? ಯವಾರಿಷ್ಟ ಅಂತ ಹೆಸರಿಡಿ. ಮುಗೀತು."

ಯವ ಎಂದರೆ ಜವೆಗೋಧಿ. ಪಂಡಿತರು ಹೆಸರಿಟ್ಟರೆಂದರೆ ಅರ್ಧ ಕೆಲಸ ಆದ ಹಾಗೆ. ಉಳಿದರ್ಧ ನನ್ನ ತಲೆಗೆ. ಅಬಕಾರಿ ಕಚೇರಿಗೆ ಪಂಡಿತರು ತಾವೇ ನಡೆದುಕೊಂಡು ಹೋಗಿ, ಒಬ್ಬ ರೋಗಿಗೆ ಒಂದು ಭರಣಿ ಎಂದು ಹೇಳಿ ಒಪ್ಪಿಗೆಯನ್ನೂ ತಂದರು. ಅಲ್ಲಿನ ಅಧಿಕಾರಿ ನಕ್ಕುಬಿಟ್ಟರಂತೆ. ನನಗೆ ನಗು ಬರಲಿಲ್ಲ.

ನಾನು ಮೊದಲು ಮಾಡಿದ್ದು ಕಾಪುವಿಗೆ ಹೋಗಿ ಪಾದ್ರಿಗಳನ್ನು ಕಂಡದ್ದು. ಬಾಯಲ್ಲಿ ಇಟ್ಟು ನೋಡದ ರುಚಿಯನ್ನು ಕಿವಿಯಲ್ಲಾದರೂ ಕೇಳಬೇಡವೇ? ಇಗರ್ಜಿಯ ಪಕ್ಕದ ಕೋಣೆ, ಕಿಟಕಿಯಲ್ಲಿ ಕಡಲು. ಎತ್ತರದ ಆಸಾಮಿ, ನಿಲುವಂಗಿ ಗೂಟಕ್ಕೆ ಹಾಕಿದ ಹಾಗೆ ಮೈಮೇಲೆ ನೇತಾಡುತ್ತಿತ್ತು. ಪಕ್ಕದ ಮೇಜಿನಲ್ಲಿ ಗಂಜಿ ಆರಿ ಕೆನೆ ಕಟ್ಟಿತ್ತು.

"ಬನ್ನಿ, ಕುಳಿತುಕೊಳ್ಳಿ. ಸಿಸ್ಟರ್ ನಿಮಗೆ ಸುಮ್ಮನೆ ತೊಂದರೆ ಕೊಟ್ಟಿದ್ದಾರೆ" ಎಂದರು. ಶಾಲೆಯ ಮೇಷ್ಟ್ರ ಹಾಗೆ ಅಚ್ಚುಕಟ್ಟಾದ ಕನ್ನಡ.

"ತೊಂದರೆ ಇರಲಿ. ರುಚಿ ಹೇಗಿತ್ತು ಹೇಳಿ. ಮೊದಲು ಎಂತ, ನಡುವೆ ಎಂತ, ಕೊನೆಗೆ ಎಂತ?"

ಅವರು ಕಣ್ಣು ಮುಚ್ಚಿದರು. ನಿದ್ದೆ ಹೋದರೋ ಎಂದುಕೊಂಡೆ.

"ಮೊದಲು ಮೂಗಿಗೆ. ಒಣಹುಲ್ಲಿನ ವಾಸನೆ. ಅದರ ಬೆನ್ನಿಗೆ ಕಿತ್ತಳೆಯ ಸಿಪ್ಪೆ. ಕಹಿ ಜಾತಿಯ ಕಿತ್ತಳೆ. ನಡುವಿನಲ್ಲಿ ಕೊತ್ತಂಬರಿ. ಮೆಣಸು ಆಗ ಇರುವುದಿಲ್ಲ. ನುಂಗಿದ ಮೇಲೆ ಬರುತ್ತದೆ, ಹಿಂದಿನಿಂದ ಬಂದು ಹೆಗಲು ಮುಟ್ಟಿದ ಹಾಗೆ."

"ಸಿಹಿ?"

"ಇಲ್ಲವೇ ಇಲ್ಲ. ಸಿಹಿ ಉಳಿದರೆ ಗದ್ದೆಯಲ್ಲಿ ದುಡಿಯುವವರ ಬಾಯಾರಿಕೆ ಹೋಗುವುದಿಲ್ಲ."

"ಕಹಿ?"

"ಇದೆ. ನಿಮ್ಮ ಕಿರಾತಕಡ್ಡಿಯಷ್ಟು ಅಲ್ಲ." ಕಣ್ಣು ತೆರೆದು ಕಿಟಕಿಯ ಕಡೆ ನೋಡಿದರು. "ಚಳಿಗಾಲದಲ್ಲಿ ಮಾಡಿಡುತ್ತಿದ್ದರು. ಕೊಯ್ಲಿನಲ್ಲಿ ತೆಗೆಯುವುದು. ಅಮ್ಮ ಬುಟ್ಟಿಯಲ್ಲಿ ಹೊತ್ತು ತರುತ್ತಿದ್ದರು, ಎಲ್ಲರೂ ಕತ್ತಿ ಕೆಳಗಿಟ್ಟು ಬರುತ್ತಿದ್ದರು."

ಜವೆಗೋಧಿಯನ್ನು ಮೊಳಕೆ ಬರಿಸಿ ಒಣಗಿಸುವುದು, ಪುಡಿಮಾಡಿ ನೀರಿನಲ್ಲಿ ನೆನೆಸಿ ಸಿಹಿ ಇಳಿಸುವುದು, ಅಷ್ಟನ್ನು ಹೇಳಿದರು. ಹೇಳಿ ಆಯಾಸವಾಗಿ ಗೋಡೆಗೆ ಒರಗಿದರು. ನಾನು ಬಸ್ಸಿನಲ್ಲಿ ಉದ್ದಕ್ಕೂ ಅದನ್ನೇ ಬಾಯಿಪಾಠ ಮಾಡುತ್ತಾ ಉಡುಪಿಗೆ ಬಂದೆ: ಹುಲ್ಲು, ಸಿಪ್ಪೆ, ಕೊತ್ತಂಬರಿ, ಮೆಣಸು.

ಮೊಳಕೆಯ ಕೆಲಸ ಸುಲಭವಾಯಿತು. ಹೆಸರುಕಾಳು ಕಟ್ಟಿದ ಹಾಗೆ ಒದ್ದೆ ಬಟ್ಟೆಯಲ್ಲಿ ಕಟ್ಟಿ, ಬೇರು ಕಾಳಿನಷ್ಟೇ ಉದ್ದ ಬಂದಾಗ ಚಾಪೆಯಲ್ಲಿ ಬಿಸಿಲಿಗೆ ಹರಡಿದೆ. ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದೆ, ಕೋಣೆಯೆಲ್ಲ ಘಮ್ಮೆಂದಿತು. ಬೇರುಗಳನ್ನು ಉಜ್ಜಿ, ಗೆರಸೆಯಲ್ಲಿ ಕೇರಿ, ಒರಳಿನಲ್ಲಿ ತರಿತರಿಯಾಗಿ ಕುಟ್ಟಿದೆ. ಕಹಿ ಕಿತ್ತಳೆಯ ಬದಲು ಹೇರಳೆಕಾಯಿಯ ಸಿಪ್ಪೆ ಒಣಗಿಸಿಟ್ಟೆ. ಅಲ್ಲಿವರೆಗೆ ಎಲ್ಲ ಸರಿ.

ಆಮೇಲೆ ಬುದ್ಧಿ ಕೆಟ್ಟಿತು. ನೀರಿನಲ್ಲಿ ಸಿಹಿ ಇಳಿಸುವುದು ಎಂದರೆ ನನಗೆ ಗೊತ್ತಿದ್ದದ್ದು ಕಷಾಯ. ತಾಮ್ರದ ಹಂಡೆಯಲ್ಲಿ ಗಳಗಳ ಕುದಿಸು, ನಾಲ್ಕರಲ್ಲಿ ಒಂದು ಪಾಲಿಗೆ ಇಳಿಸು. ಹಾಗೇ ಮಾಡಿದೆ. ಇಳಿದದ್ದು ಸಿಹಿನೀರಲ್ಲ, ಬಟ್ಟೆಗೆ ಹಾಕುವ ಗಂಜಿ. ಸೋಸಲು ಹೋದರೆ ಬಟ್ಟೆಯಿಂದ ಕೆಳಗೆ ಇಳಿಯಲೇ ಇಲ್ಲ. ಹಿಂಡಿ ಹಿಂಡಿ ಕೈ ಸೋತು, ಹಂಡೆಯನ್ನು ಹೊತ್ತು ಹಿತ್ತಲಿನ ದನದ ಬಾನಿಗೆ ಸುರಿದೆ. ದನ ಮಾತ್ರ ಬಹಳ ಸಂತೋಷದಿಂದ ಕುಡಿಯಿತು.

ಮತ್ತೆ ಕಾಪುವಿನ ಬಸ್ಸು. "ಕುದಿಸಿದಿರಾ? ಅಯ್ಯೋ!" ಎಂದರು ಪಾದ್ರಿಗಳು. "ಬೆರಳು ಇಟ್ಟರೆ ಸುಡಬೇಕು, ಆದರೆ ಬೆರಳು ತೆಗೆಯಲು ಪುರುಸೊತ್ತು ಕೊಡಬೇಕು. ಅಷ್ಟೇ ಬಿಸಿ. ಮುಚ್ಚಿಟ್ಟು ಸುಮ್ಮನಿರಿ, ಅದೇ ಸಿಹಿಯಾಗುತ್ತದೆ. ಸೋಸಿದ ಮೇಲೆ ಕುದಿಸಿ."

ಎರಡನೆಯ ಸಲ ಹಾಗೆ ಮಾಡಿದೆ. ಮುಚ್ಚಳ ತೆಗೆದು ಹನಿ ನೆಕ್ಕಿದರೆ, ಆಹಾ, ಎಳೆ ಕಬ್ಬಿನ ಹಾಲಿನ ಸಿಹಿ! ಸೋಸಿ, ಕಿರಾತಕಡ್ಡಿಯ ಚೂರು ಹಾಕಿ ಕುದಿಸಿದೆ. ಇಳಿಸುವ ಹೊತ್ತಿಗೆ ಸಿಪ್ಪೆ, ಕೊತ್ತಂಬರಿ, ಮೆಣಸು. ಆರಿದ ಮೇಲೆ ಭರಣಿಗೆ ಹೊಯ್ದು, ಅರಿಷ್ಟ ಹುದುಗಲಿಕ್ಕೆ ನಾವು ಹಾಕುವ ಒಣ ಧಾತಕಿ ಹೂವನ್ನೇ ಹಾಕಿ, ಬಾಯಿ ಕಟ್ಟಿ ಮಣ್ಣು ಮೆತ್ತಿದೆ. ದಿನಾ ಭರಣಿಗೆ ಕಿವಿ ಕೊಟ್ಟು ಕೇಳಿದೆ. ಒಳಗೆ ಸುಯ್ ಸುಯ್ ಎನ್ನುತ್ತಿತ್ತು. ಅದು ನಿಂತ ಮೇಲೂ ಅವಸರ ಮಾಡಲಿಲ್ಲ. ಕೊನೆಗೆ ಕಡ್ಡಿ ಗೀರಿ ಇಳಿಸಿದಾಗ ಜ್ವಾಲೆ ಅಲುಗದೆ ಉರಿಯಿತು. ಹನಿ ನೆಕ್ಕಿದೆ: ಸಿಪ್ಪೆ ಉಂಟು, ಕೊತ್ತಂಬರಿ ಉಂಟು, ಮೆಣಸು ಹಿಂದಿನಿಂದ ಬಂದು ಹೆಗಲನ್ನೂ ಮುಟ್ಟಿತು. ‘ಹ್ಞಾಂ’ ಎಂದೆ.

ಪಂಡಿತರು ಬಾಟಲಿಗೆ ಚೀಟಿ ಅಂಟಿಸಿ, ಸೇವನೆಯ ಕ್ರಮವನ್ನೂ ಹೇಳಿ ನನ್ನನ್ನು ಕಾಪುವಿಗೆ ಕಳಿಸಿದರು. ಅರಿಷ್ಟಗಳಿಗೆಲ್ಲ ಅದೇ ಕ್ರಮ: ಊಟದ ಮೇಲೆ ಒಂದು ಔನ್ಸು, ಅಷ್ಟೇ ಬಿಸಿನೀರು ಬೆರೆಸಿ. ಮದ್ದಿನ ಜೊತೆ ಸೇವಿಸುವ ಜೇನೋ ತುಪ್ಪವೋ ನೀರೋ, ಅದಕ್ಕೆ ಅನುಪಾನ ಎಂದು ಹೆಸರು. ಅನುಪಾನ ತಪ್ಪಿದರೆ ಮದ್ದು ಹಿಡಿಯುವುದಿಲ್ಲ ಎನ್ನುವುದು ಪಂಡಿತರ ಖಡಾಖಂಡಿತ ಮಾತು.

ಸಿಸ್ಟರ್ ಎರಡು ಚಮಚ ಗಂಜಿ ತಿನ್ನಿಸಿ, ಔನ್ಸು ಗ್ಲಾಸಿನಲ್ಲಿ ಅಳೆದು, ಬಿಸಿನೀರು ಬೆರೆಸಿ ಕೊಟ್ಟರು. ಪಾದ್ರಿಗಳು ಒಂದೇ ಗುಟುಕಿಗೆ ಕುಡಿದು, ಬಾಯಿ ಒರೆಸಿಕೊಂಡು ಮರ್ಯಾದೆಯಿಂದ ಹೇಳಿದರು: "ಒಳ್ಳೆಯ ಮದ್ದು."

ನನಗೆ ಮೈಯೆಲ್ಲ ಉರಿಯಿತು. "ಮದ್ದಲ್ಲ ಮಾರಾಯ್ರೇ! ನಿಮ್ಮ ಅಮ್ಮನ ಬಿಯರು ಅದು!"

"ಓಹೋ?" ಎಂದರು. ಆಮೇಲೆ ಆ ಮೂಳೆಯ ಎದೆಯೊಳಗಿಂದ ಒಂದು ಸಣ್ಣ ನಗು ಹೊರಟಿತು. ಔನ್ಸು ಗ್ಲಾಸನ್ನು ಕೈಯಲ್ಲಿ ಹಿಡಿದು ನೋಡಿ ಮತ್ತೆ ನಕ್ಕರು. ಸಿಸ್ಟರ್ ಬೆರಗಾಗಿ ನಿಂತರು. ಬಾಟಲಿಯಿಂದ ನೀರು ಬೆರೆಸದೆ ಕೊಡಿ ಎಂದೆ. ಅದನ್ನು ಪಾದ್ರಿಗಳು ನಿಧಾನಕ್ಕೆ ಬಾಯಲ್ಲಿ ಆಡಿಸಿ ನೋಡಿದರು.

"ಸಾಮಾನು ಎಲ್ಲ ಇದೆ ಭಟ್ಟರೇ. ಸ್ವಲ್ಪ ಒಗರು. ಅದಿರಲಿ. ಆದರೆ ಇದು ಸತ್ತಿದೆ."

"ಸತ್ತಿದೆ ಅಂದರೆ?"

"ನಮ್ಮದಕ್ಕೆ ಜೀವ ಇರುತ್ತಿತ್ತು. ಬಿರಡೆಗೆ ಹುರಿ ಕಟ್ಟಿ ಇಡುತ್ತಿದ್ದರು. ಬಿಚ್ಚಿದರೆ ಟಪ್ ಎಂದು ಹಾರುತ್ತಿತ್ತು. ನೊರೆ ಬಂದು ಅಪ್ಪನ ಮೀಸೆಗೆ ಹಿಡಿಯುತ್ತಿತ್ತು." ಗ್ಲಾಸನ್ನು ಮೇಜಿನ ಮೇಲೆ ಇಟ್ಟರು. "ಪರವಾಗಿಲ್ಲ. ನೀವು ಇಷ್ಟು ಮಾಡಿದ್ದೇ ದೊಡ್ಡದು. ಇನ್ನು ಕಷ್ಟಪಡಬೇಡಿ."

ಆ ಕೊನೆಯ ಮಾತು ನನಗೆ ಸರಿಬರಲಿಲ್ಲ. ಬಾಳೆಗೊನೆ ತಂದವರಿಗೂ ಅದೇ ದನಿಯಲ್ಲಿ ಹೇಳಿ ಕಳಿಸುತ್ತಿದ್ದರಂತೆ. ಹೊರಗೆ ಬಂದಾಗ ಸಿಸ್ಟರ್ ಕಣ್ಣು ಒರೆಸಿಕೊಂಡರು. "ಎಷ್ಟು ದಿವಸದ ಮೇಲೆ ನಕ್ಕದ್ದು ಗೊತ್ತುಂಟಾ? ಬಿಡಬೇಡಿ ಭಟ್ರೇ. ಇನ್ನೊಂದು ಸಲ ಮಾಡಿ."

ಕಡಲ ಬದಿಯಲ್ಲಿ ಬಸ್ಸಿಗೆ ಕಾಯುತ್ತಾ ನಿಂತಾಗ ನನಗೆ ಹೊಳೆಯಿತು. ಜೀವ ಇದೆಯೋ ಇಲ್ಲವೋ ಎಂದು ನಾನು ಬೆಂಕಿಕಡ್ಡಿ ಇಳಿಸಿ ನೋಡಿದ್ದೆನಲ್ಲ! ಕಡ್ಡಿಯನ್ನು ನಂದಿಸುವ ಆ ಉಸಿರೇ ಅವರು ಕೇಳುತ್ತಿದ್ದ ಜೀವ. ಅದು ಪೂರ್ತಿ ಹೋಗುವವರೆಗೆ ಕಾದು, ಹೋದ ಮೇಲೆ ಭೇಷ್ ಎಂದು ನಾನು ಬಾಟಲಿಗೆ ತುಂಬಿದ್ದೆ. ಇಪ್ಪತ್ತು ವರ್ಷ ಕಲಿತ ವಿದ್ಯೆಯೇ ಅಡ್ಡ ಬಂದಿತ್ತು. ಹಾಗಾದರೆ ಈ ಸಲ ಕಡ್ಡಿ ನಂದುವಾಗಲೇ ಬಾಟಲಿಗೆ ತುಂಬಬೇಕು. ಅರಿಷ್ಟದ ಕೋಣೆಯಲ್ಲಿ ಅದಕ್ಕಿಂತ ದೊಡ್ಡ ಅಪಚಾರ ಇಲ್ಲ. ಮಾಡಿಯೇ ಬಿಡುವುದು ಎಂದು ಅಲ್ಲೇ ನಿಶ್ಚಯ ಮಾಡಿದೆ. ತಿರುಗಿ ಹೋಗಿ ಸಿಸ್ಟರಿಗೂ ಹೇಳಿದೆ, ಧಾತಕಿ ಹೂವಿನ ಒಗರು ತಪ್ಪಿಸಲು ಬೇರೆ ಹುದುಗು ಬೇಕು ಎಂದೆ.

"ನಮ್ಮ ಅಮ್ಮ ಸಾನ್ನಕ್ಕೆ ಕಳ್ಳು ಹಾಕ್ತಾರಲ್ಲ" ಎಂದರು ಅವರು. ಸಾನ್ನ ಅವರ ಮನೆಗಳ ಹಬ್ಬದ ಇಡ್ಲಿ. ಕಳ್ಳು ಹಾಕಿದ ಹಿಟ್ಟು ಉಬ್ಬಿ ಹೂವಾಗುತ್ತದೆ. "ಕಳ್ಳಿನ ಅಡಿಯಲ್ಲಿ ಬಿಳಿ ಗಸಿ ಕೂರ್ತದೆ. ಅದು ಆಗ್ತದಾ ನೋಡಿ. ನಾಳೆ ಕಳಿಸ್ತೇನೆ."

ಇನ್ನು ಬಾಟಲಿ. ನಮ್ಮ ಅರಿಷ್ಟದ ಬಾಟಲಿಗಳು ಸಾಧು ಪ್ರಾಣಿಗಳು. ಒಳಗಿನ ಒತ್ತಡ ತಡೆಯುವ ಜಾತಿಯವಲ್ಲ. ಯೋಚಿಸುತ್ತಾ ಬನ್ನಂಜೆಯಲ್ಲಿ ನಡೆದು ಬರುವಾಗ ಗೋಲಿಸೋಡದ ಕಾಕನ ಅಂಗಡಿಯಲ್ಲಿ ಯಾರೋ ಬಾಟಲಿ ಒಡೆದರು: ಕೀಂಯ್! ಅಲ್ಲೇ ನಿಂತುಬಿಟ್ಟೆ. ದಪ್ಪ ಗಾಜು, ಕೊರಳಲ್ಲಿ ಗೋಲಿ. ಒಳಗಿನ ಗಾಳಿಯೇ ಗೋಲಿಯನ್ನು ಮೇಲಕ್ಕೊತ್ತಿ ಬಾಯಿ ಮುಚ್ಚುತ್ತದೆ. ಹುರಿಯೂ ಬೇಡ, ಬಿರಡೆಯೂ ಬೇಡ.

ಕಾಕ ಬ್ಯಾರಿ ಮುಸಲ್ಮಾನ ಹಿರಿಯರು, ನನ್ನನ್ನು ಸಣ್ಣ ಪ್ರಾಯದಿಂದ ಕಂಡವರು. "ಎಂತ ಭಟ್ರೇ, ಅರಿಷ್ಟಕ್ಕೆ ಗೋಲಿ ಬಾಟಲಿಯಾ? ಎಂತ ತುಂಬಿಸ್ಲಿಕ್ಕೆ?"

"ಔಷಧಿ. ಕಾಪುವಿನ ಪಾದ್ರಿಗಳಿಗೆ. ಊಟವೇ ಬಿಟ್ಟಿದ್ದಾರೆ."

"ಹಾರುವ ಔಷಧಿಯಾ?" ನನ್ನ ಮುಖ ನೋಡಿ ಅರ್ಥವಾಯಿತು ಅವರಿಗೆ. "ಬೇಡ, ನನಗೆ ಹೇಳ್ಬೇಡಿ. ಬಾಟಲಿ ಕೊಂಡುಹೋಗಿ. ವಾಪಸ್ ಮಾತ್ರ ತರ್ಬೇಡಿ, ಅದರಲ್ಲಿ ಮತ್ತೆ ನಾನು ಸೋಡ ತುಂಬಿಸುವುದಿಲ್ಲ. ಕಾಯಿಲೆಯವರಿಗೆ ಅಂದ್ರಲ್ಲ, ಅದಕ್ಕೆ ಕೊಟ್ಟದ್ದು." ತುಂಬಿದ ಮೇಲೆ ತಲೆಕೆಳಗಾಗಿ ಇಡಬೇಕು, ಗೋಲಿ ರಬ್ಬರಿಗೆ ಕೂತು ಗಾಳಿ ಹಿಡಿದ ಮೇಲೆ ನೆಟ್ಟಗೆ ನಿಲ್ಲಿಸಬೇಕು ಎಂದು ಅವರೇ ತೋರಿಸಿಕೊಟ್ಟರು.

ಮೂರನೆಯ ಸಲ ಕಳ್ಳಿನ ಗಸಿ ಬಿದ್ದದ್ದೇ ತಡ, ಭರಣಿಯಲ್ಲಿ ಸುಯ್ ಸುಯ್ ಅಲ್ಲ, ಗೊರಕೆ! ಕಟ್ಟಿದ ಬಟ್ಟೆ ಉಬ್ಬಿ ನಿಂತಿತು. ನಾನು ಮಣ್ಣು ಮೆತ್ತಲಿಲ್ಲ. ದಿನಾ ಹನಿ ನೆಕ್ಕುತ್ತಾ ಸಿಹಿ ಇಳಿಯುವುದನ್ನು ಕಾದೆ. ಸಿಹಿ ಪೂರ್ತಿ ಹೋಗಿ ನಾಲಿಗೆ ಒಣಗಿದ ಹಾಗಾದ ದಿನ ಕಡ್ಡಿ ಗೀರಿ ಇಳಿಸಿದೆ. ಪಕ್ಕನೆ ನಂದಿತು. ಜೀವಮಾನದಲ್ಲಿ ಮೊದಲ ಸಲ ಕಡ್ಡಿ ನಂದಿದ್ದಕ್ಕೆ ನಾನು ಸಂತೋಷಪಟ್ಟೆ. ಬಾಟಲಿಯೊಳಗೂ ಹುದುಗಿ ಗಾಳಿ ಕಟ್ಟಲಿ ಎಂದು ಒಂದು ಚಿಟಿಕೆ ಬೆಲ್ಲ ಹಾಕಿ, ತುಂಬಿ, ಕಾಕ ಹೇಳಿದ ಹಾಗೆ ಮಗುಚಿ ಇಟ್ಟೆ.

ಕೆಲವು ದಿನ ಕಳೆದು, ಪಂಡಿತರು ಪೂಜೆಗೆ ಕೂತ ಹೊತ್ತಿಗೆ ಅರಿಷ್ಟದ ಕೋಣೆಯಲ್ಲಿ ಗರ್ನಾಲು ಸಿಡಿದ ಹಾಗೆ ಶಬ್ದವಾಯಿತು. ಓಡಿ ಹೋಗಿ ನೋಡಿದರೆ ಒಂದು ಬಾಟಲಿ ಚೂರುಚೂರು, ಗೋಡೆಯಿಂದ ನೊರೆ ಇಳಿಯುತ್ತಿದೆ, ಗೋಲಿ ಎಲ್ಲೋ ಉರುಳಿ ಹೋಗಿದೆ. ಪಂಡಿತರು ಕೈಯಲ್ಲಿ ಗಂಟೆ ಹಿಡಿದೇ ಬಂದರು.

"ಭಟ್ರೇ, ಇದು ಒಳಗೆ ಹೋದ ಮೇಲೂ ಹೀಗೇ ಮಾಡ್ತದಾ?"

"ಮಾಡಬೇಕು ಅಂತಲೇ ಮಾಡಿದ್ದು ಪಂಡಿತರೇ" ಎಂದೆ. ಅವರು ಗಂಟೆ ಹಿಡಿದುಕೊಂಡೇ ಪೂಜೆಗೆ ಮರಳಿದರು. ನಾನು ಉಳಿದ ಬಾಟಲಿಗಳಿಗೆ ಒದ್ದೆ ಗೋಣಿ ಹೊದಿಸಿದೆ.

ಕಾಪುವಿಗೆ ಅವನ್ನು ಕೊಂಡುಹೋದ ಸಂಕಟ ನನಗೇ ಗೊತ್ತು. ಗೋಣಿಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು, ಬಸ್ಸು ಹೊಂಡಕ್ಕೆ ಬಿದ್ದಾಗಲೆಲ್ಲ ಕೂತಲ್ಲಿಂದ ಅರ್ಧ ಏಳುತ್ತಿದ್ದೆ. ಕಟಪಾಡಿಯಲ್ಲಿ ಹತ್ತಿದವನೊಬ್ಬ ಚೀಲದಲ್ಲಿ ಕೈಯಾಡಿಸಿ, "ಸೋಡವಾ ಭಟ್ರೇ? ಒಂದು ಕೊಡಿ ಮಾರಾಯ್ರೇ, ಸೆಕೆ" ಎಂದ. ಮುಟ್ಟಿದರೆ ಜೋಕೆ ಎಂದು ಗದರಿಸಿದೆ. ಬಸ್ಸಿನವರೆಲ್ಲ ತಿರುಗಿ ನೋಡಿದರು.

ಸಿಸ್ಟರ್ ಬಾಟಲಿಗಳನ್ನು ಬಾವಿಯ ನೀರಿನಲ್ಲಿ ಇಳಿಬಿಟ್ಟು ತಂಪು ಮಾಡಿದರು. ಮಧ್ಯಾಹ್ನದ ಹೊತ್ತು. ಪಾದ್ರಿಗಳು ದಿಂಬಿಗೆ ಒರಗಿ ಕೂತಿದ್ದರು. ಕಳೆದ ಸಲಕ್ಕಿಂತ ಇನ್ನೂ ಇಳಿದಿದ್ದರು. ಹೆಬ್ಬೆರಳಿನಿಂದ ಗೋಲಿ ಒತ್ತಿದೆ. ಕೀಂಯ್ ಎಂದಿತು. ಅವರ ತಲೆ ಥಟ್ಟನೆ ನನ್ನ ಕಡೆ ತಿರುಗಿತು. ಗ್ಲಾಸಿಗೆ ಹೊಯ್ದರೆ ಹುಲ್ಲಿನ ಬಣ್ಣ, ಅದರ ಮೇಲೆ ಎರಡು ಬೆರಳು ದಪ್ಪದ ಬಿಳಿ ನೊರೆ.

ಗ್ಲಾಸು ತೆಗೆದುಕೊಂಡು ಮೂಸಿದರು. ಬಹಳ ಹೊತ್ತು ಮೂಸಿದರು. ತುಟಿಗೆ ತಾಗಿಸಲಿಲ್ಲ, ಹಾಗೇ ಮೇಜಿನ ಮೇಲೆ ಇಟ್ಟರು.

"ಸಿಸ್ಟರ್, ಇನ್ನೊಂದು ಗ್ಲಾಸು ತನ್ನಿ."

ತಂದರು. ಪಾದ್ರಿಗಳು ತಾವೇ ಹೊಯ್ದು ನನ್ನ ಮುಂದೆ ದೂಡಿದರು. "ಇದನ್ನು ಒಬ್ಬನೇ ಕುಡಿಯುವ ಕ್ರಮ ನಮ್ಮಲ್ಲಿ ಇಲ್ಲ. ಕೆಲಸ ಮಾಡಿದವರೆಲ್ಲ ಒಟ್ಟಿಗೆ ಕೂತು ಕುಡಿಯುವುದು. ನಾನು ಏನೂ ಕೆಲಸ ಮಾಡಿಲ್ಲ. ನೀವು ಮಾಡಿದ್ದೀರಿ. ಮೊದಲು ನೀವು."

"ನಾನು ಹನಿ ನೋಡಿದ್ದೇನೆ ಪಾದ್ರಿಗಳೇ. ನನಗೆ ಅಷ್ಟು ಸಾಕು."

"ಹಾಗಾದರೆ ನನಗೂ ಸಾಕು." ಸಿಟ್ಟಿಲ್ಲ, ಹಟವಿಲ್ಲ, ಕಡಲಿನ ಕಡೆ ಮುಖ ಮಾಡಿದರು.

ಕುಡಿಯಿರಿ ಎಂದು ನನಗೆ ಹೇಳುವುದು ಸರಿಯಲ್ಲವೆಂದು ಸಿಸ್ಟರಿಗೆ ಗೊತ್ತಿತ್ತು. ನಾನು ಗ್ಲಾಸನ್ನೇ ನೋಡುತ್ತಾ ಕೂತೆ. ಮನೆ ನೆನಪಾಯಿತು, ಅಮ್ಮನ ಮಡಿ ನೆನಪಾಯಿತು, ಹನಿಗೆ ನಿಲ್ಲಿಸಿದ ಇಷ್ಟು ವರ್ಷ ನೆನಪಾಯಿತು. ನೊರೆ ಕರಗುತ್ತಾ ಬರುತ್ತಿತ್ತು. ಇನ್ನೂ ಸ್ವಲ್ಪ ಹೊತ್ತು ಕೂತರೆ ಇದೂ ಸಾಯುತ್ತದೆ ಎನಿಸಿತು. ಅದನ್ನು ಮಾತ್ರ ಸಹಿಸಲಾಗಲಿಲ್ಲ. ಏನಾದರಾಗಲಿ ಎಂದು ಗ್ಲಾಸು ಎತ್ತಿ ಕುಡಿದೆ.

ಹನಿಯಲ್ಲಿ ನಾನು ಕಂಡದ್ದು ಏನೇನೂ ಅಲ್ಲ. ಮೂಗಿಗೆ ಹುಲ್ಲು, ಹೇರಳೆ. ನಾಲಿಗೆಯ ಮೇಲೆಲ್ಲ ಸಣ್ಣ ಸಣ್ಣ ಗುಳ್ಳೆಗಳು ಒಡೆದು, ಒಂದೊಂದರಲ್ಲೂ ಕೊತ್ತಂಬರಿ. ನುಂಗಿದ ಮೇಲೆ ಒಂದು ಕ್ಷಣ ಖಾಲಿ. ಆಮೇಲೆ ಮೆಣಸು, ಅದರ ಬೆನ್ನಿಗೆ ತೆಳ್ಳಗಿನ ಕಹಿ. ಗಂಟಲಿಗೆ ಇಳಿಯದೆ ಇದರ ರುಚಿಯೇ ಪೂರ್ತಿಯಾಗುವುದಿಲ್ಲ. ಅಂಗೈ ನೆಕ್ಕಿ ನಾನು ಯಾವುದಕ್ಕೆ ‘ಹ್ಞಾಂ’ ಎಂದಿದ್ದೆನೋ ದೇವರಿಗೇ ಗೊತ್ತು.

ಪಾದ್ರಿಗಳು ನನ್ನ ಮುಖವನ್ನೇ ನೋಡುತ್ತಿದ್ದರು. "ನೊರೆ ಮೀಸೆಗೆ ಹಿಡಿದಿದೆ" ಎಂದು ಹೇಳಿ ತಮ್ಮ ಗ್ಲಾಸು ಎತ್ತಿದರು. ನಿಧಾನವಾಗಿ ಅರ್ಧ ಇಳಿಸಿದರು. ಕಣ್ಣು ಮುಚ್ಚಿದರು.

"ಅಮ್ಮನದ್ದು ಅಲ್ಲ" ಎಂದರು.

ನಾನು ಖಾಲಿ ಗ್ಲಾಸು ಕೆಳಗಿಟ್ಟೆ. ಆದರೆ ಅವರ ಮಾತು ಮುಗಿದಿರಲಿಲ್ಲ. "ಹುಲ್ಲಿನ ಹಿಂದೆ ಒಂದು ತೆಂಗಿನ ವಾಸನೆ ಬರುತ್ತದೆ. ಅದು ನಮ್ಮ ಕಡೆಯದ್ದಲ್ಲ. ಮತ್ತೆ ಮೆಣಸು, ಭಟ್ಟರೇ, ಮೆಣಸು ಹೆಚ್ಚಾಯಿತು. ಹೆಗಲು ಮುಟ್ಟಬೇಕು ಎಂದರೆ ಗುದ್ದುವುದಲ್ಲ. ಮುಂದಿನ ಸಲ ಅರ್ಧ ಹಾಕಿ."

"ಅರ್ಧ ಹಾಕಿದರೆ ಸಿಪ್ಪೆಯಲ್ಲಿ ಮುಳುಗಿ ಹೋಗ್ತದೆ. ನಿಮಗೆ ಗೊತ್ತಿಲ್ಲ" ಎಂದು ನಾನೂ ಬಿಡಲಿಲ್ಲ.

ಆಗ ಸಿಸ್ಟರ್ ಗೋಡೆಯ ಕಡೆ ತಿರುಗಿ ನಿಂತರು, ಸೆರಗಿಲ್ಲದವರು ಮುಖವನ್ನು ತೋಳಿನಲ್ಲಿ ಮುಚ್ಚಿಕೊಂಡರು. ಮುಂದಿನ ಸಲ ಎಂಬ ಮಾತು ಆ ಬಾಯಿಂದ ಬಂದು ಬಹಳ ದಿನವಾಗಿತ್ತು ಎಂದು ಆಮೇಲೆ ನನಗೆ ಹೇಳಿದರು.

ನಮ್ಮ ಜಗಳ ಮೆಣಸಿನಿಂದ ಹೇರಳೆಗೆ ಬರುವ ಹೊತ್ತಿಗೆ ನನಗೆ ಒಂದು ವಿಚಿತ್ರವಾಯಿತು. ಹೊಟ್ಟೆ ಚುರುಚುರು ಎನ್ನತೊಡಗಿತು. ಬೆಳಿಗ್ಗೆ ಅವಲಕ್ಕಿ ತಿಂದು ಹೊರಟವನು, ನಿಜ. ಆದರೆ ಇದು ಆ ಹಸಿವೆ ಅಲ್ಲ, ಗದ್ದೆ ಉತ್ತು ಬಂದವನ ಹಸಿವೆ. ನಾಚಿಕೆ ಬಿಟ್ಟು ಕೇಳಿಬಿಟ್ಟೆ: "ಸಿಸ್ಟರ್, ತಿನ್ಲಿಕ್ಕೆ ಎಂತಾದ್ರೂ ಉಂಟಾ?"

"ಭಟ್ರೇ, ನಮ್ಮ ಅಡುಗೆಮನೆಯದ್ದು… ನಿಮಗೆ ಆಗ್ತದಾ? ಗಂಜಿ ಉಂಟು. ಮಿಡಿ ಉಪ್ಪಿನಕಾಯಿ ಉಂಟು. ಬೇರೆ ಎಂತದೂ ಮುಟ್ಟಿಸುವುದಿಲ್ಲ."

"ಗ್ಲಾಸು ಖಾಲಿ ಮಾಡಿದವನಿಗೆ ಗಂಜಿಯ ಮಡಿ ಎಂತದ್ದು? ತನ್ನಿ."

ಬಟ್ಟಲು ತುಂಬ ಕುಚ್ಚಲಕ್ಕಿ ಗಂಜಿ ಬಂತು. ನಾನು ಉಪ್ಪಿನಕಾಯಿಯ ಮಿಡಿ ಕಚ್ಚಿ ಗಂಜಿ ಹೀರತೊಡಗಿದೆ. ಪಾದ್ರಿಗಳು ನೋಡಿದರು. ಕಾರ್ಕಳದ ಹಳ್ಳಿಗಳಲ್ಲಿ ಎಷ್ಟೋ ಮನೆಯ ಜಗಲಿಯಲ್ಲಿ ಉಂಡವರು. ಬಂದವನು ಒಬ್ಬನೇ ಉಣ್ಣುವಾಗ ಎದುರು ಸುಮ್ಮನೆ ಕೂರುವುದು ಅವರಿಗೆ ಬಾರದು.

"ಅತಿಥಿ ಒಬ್ಬರೇ ಊಟ ಮಾಡುತ್ತಿದ್ದಾರೆ ಸಿಸ್ಟರ್" ಎಂದರು. "ನನ್ನ ಬಟ್ಟಲು ಎಲ್ಲಿ?"

ಮೊದಲು ಚಮಚದಲ್ಲಿ, ಆಮೇಲೆ ಬಟ್ಟಲನ್ನೇ ಎತ್ತಿ. ನಡುನಡುವೆ ಒಂದೊಂದು ಗುಟುಕು ಬಿಯರು, ಒಂದೊಂದು ಕಡಿತ ಮಿಡಿ. ಬಟ್ಟಲು ಖಾಲಿಯಾದಾಗ ಸಿಸ್ಟರ್ ಕಡೆಗೆ ನೀಡಿದರು. ಅವರು ಎರಡೂ ಕೈಯಲ್ಲಿ ಅದನ್ನು ತೆಗೆದುಕೊಂಡು ಅಡುಗೆಮನೆಗೆ ಓಡಿದರು. ನನಗೆ ಕಣ್ಣು ತುಂಬಿ ಬಂತು. ಮಿಡಿಯ ಖಾರ ಎಂದುಕೊಂಡೆ, ಅಲ್ಲ.

ಒಂದು ಬಾಟಲಿಯನ್ನು ಚೀಲದಲ್ಲೇ ಇಟ್ಟುಕೊಂಡು ಸಂಜೆಯ ಬಸ್ಸಿಗೆ ಉಡುಪಿಗೆ ಮರಳಿದೆ. ಪಂಡಿತರು ಅಂಗಡಿಯ ಹಲಗೆ ಹಾಕದೆ ಕಾಯುತ್ತಿದ್ದರು. ನಡೆದದ್ದನ್ನೆಲ್ಲ ಹೇಳಿದೆ, ಕುಡಿದದ್ದನ್ನೂ, ಉಂಡದ್ದನ್ನೂ. ಮುಖ ಗಂಟಿಕ್ಕಿಕೊಂಡೇ ಕೇಳಿದರು. ಬಾಟಲಿಯನ್ನು ದೀಪಕ್ಕೆ ಹಿಡಿದು ನೋಡಿ ಕಪಾಟಿನಲ್ಲಿಟ್ಟರು.

"ಸೇವನೆಯ ಕ್ರಮ ಸರಿಯಾಗಿ ಹೇಳಿ. ಇನ್ನು ಮೇಲೆ ತಪ್ಪಬಾರದು. ಊಟದ ಮೇಲೋ, ಮೊದಲೋ?"

"ಊಟಕ್ಕೆ ಮೊದಲು. ನೀರು ಬೆರೆಸಬಾರದು. ಒಂದು ಗ್ಲಾಸು."

"ಅನುಪಾನ?"

ಸ್ವಲ್ಪ ಯೋಚನೆ ಮಾಡಿ ಹೇಳಿದೆ: "ಜೊತೆಗೆ ಇನ್ನೊಂದು ಜನ ಬೇಕು, ಪಂಡಿತರೇ. ಒಬ್ಬರೇ ತೆಗೆದುಕೊಂಡರೆ ಹಿಡಿಯುವುದಿಲ್ಲ."

ಪಂಡಿತರು ಹಲಗೆಗಳನ್ನು ಒಂದೊಂದಾಗಿ ಹಾಕಿದರು, ಚಿಲಕ ಜಡಿದರು, ಲಾಟೀನು ಎತ್ತಿಕೊಂಡು ಹಿಂದಿನ ಮನೆಯ ಕಡೆ ನಾಲ್ಕು ಹೆಜ್ಜೆ ಹೋದರು. ಹೋದವರು ನಿಂತು, ತಿರುಗದೆಯೇ ಹೇಳಿದರು:

"ಬಾವಿಯಿಂದ ಎರಡು ಕೊಡ ನೀರು ತಲೆಗೆ ಹೊಯ್ದುಕೊಂಡು ಬನ್ನಿ ಭಟ್ರೇ. ಇವತ್ತು ಎರಡು ಎಲೆ ಹಾಕ್ತೇನೆ."

ನನ್ನ ಹೊಟ್ಟೆ ಕಾಪುವಿನ ಗಂಜಿಯಿಂದ ತುಂಬಿತ್ತು, ಒಂದು ಅಗುಳಿಗೂ ಜಾಗ ಇರಲಿಲ್ಲ. ಅಂಗಿ ಬಿಚ್ಚಿ ಬಾವಿಕಟ್ಟೆಗೆ ಹೋದೆ.